ಬೂಟಿನ ತಪ್ಪು

ದಾಂಡೇಲಿಯ ಕಾಗದದ ಮಿಲ್ಲಿನ್ಯಾಗ ದುಡಿಯೋ ಗಂಡಸರಿಗೆ ಏನಾದ್ರೂ ಆದ್ರ ಮೊದಲು ಬೈಸಿಕೊಳ್ಳೋದು ಕಾಲಾಗಿನ ಬೂಟು. ಸೊಂಟ ಹಿಡದ್ರೂ ಬೂಟು, ತಲಿ ನೋವಾದ್ರೂ ಬೂಟು. ನನ್ನ ಗಂಡನೂ ಅದೇ ಪೈಕಿ. ಸಂಜಿಗೆ ಅವರ ಎರಡೂ ಪಾದ ಬಾತಿರ್ತಿದ್ವು. ಕಾಲ್ಚೀಲ ತಗದು ಎಷ್ಟೋ ಹೊತ್ತಾದ್ರೂ ಅದರ ಗುರುತು ಹಂಗ ಉಳೀತಿತ್ತು; ಬೆರಳಿಂದ ಒತ್ತಿದ್ರ ನಾದಿದ ಹಿಟ್ಟಿನಂಗ ಕುಳಿ ಬೀಳ್ತಿತ್ತು. ದವಾಖಾನಿಗೆ ಹೋಗೂಣು ಅಂದೆ. "ಬೂಟು ಬಿಗಿ ಆಗ್ಯಾವ, ನಿನಗೇನು ತಿಳೀತೈತಿ" ಅಂದ್ರು. ಪಾಳಿಯ ಗೆಳೆಯರೂ ಹೂಂ ಅಂದ್ರು. ಒಬ್ಬ ತನ್ನ ದೊಡ್ಡ ಬೂಟು ಕೊಟ್ಟು ಇವರವು ತಗೊಂಡ. ಅವೂ ಬಿಗಿ ಆದಾಗ ಇನ್ನೊಬ್ಬ ಇನ್ನೂ ದೊಡ್ಡವು ಕೊಟ್ಟ. ಎಲ್ಲಾ ಶಾಣ್ಯಾರೂ ಕೂಡಿ ರೋಗಕ್ಕ ಜಾಗ ಮಾಡಿಕೊಟ್ರು.

ಒಂದಿನ ಮೌಳಂಗಿಯ ಪಾರ್ಕಿನ್ಯಾಗ ನಾಲ್ಕು ಹೆಜ್ಜಿ ನಡಿಯೂದ್ರಾಗ ಏದುಸಿರು ಬಿಟ್ಟು ಕುಂತ್ರು. ಅಲ್ಲೇ ಜಗಳಾ ಮಾಡಿ ದವಾಖಾನಿಗೆ ಎಳಕೊಂಡು ಹೋದೆ. ಡಾಕ್ಟರು ಬೂಟಿನ ಕಥಿ ಕೇಳಲೇ ಇಲ್ಲ. ಕಾಲು ಒತ್ತಿ ನೋಡಿ, ಸೀದಾ ಎದಿ ಪರೀಕ್ಷೆ ಮಾಡಿಸಿದ್ರು. ಹೃದಯ ಸೋತೈತಿ, ರಕ್ತ ಸರಿಯಾಗಿ ತಳ್ಳಾಕ ಆಗವಲ್ದು, ಅದಕ್ಕ ಕಾಲಾಗ ನೀರು ನಿಂತೈತಿ ಅಂದ್ರು.

ಗುಳಿಗಿ ನುಂಗಿ, ಉಪ್ಪು ಕಡಿಮಿ ಮಾಡಿ, ಈಗ ಬಾವು ಇಳದೈತಿ. ಸಾರು ಸಪ್ಪಗಾತು ಅಂತ ಅದಕ್ಕೂ ನನಗ ಬೈತಾರ. ಕಡೀಗೆ ಬೂಟು ಕೊಟ್ಟಿದ್ದ ಗೆಳೆಯ ಮೊನ್ನೆ ಮಾತಾಡಿಸಾಕ ಬಂದು, ಹೆಂಗ ಅದೀರಿ ಅಂತ ಕೇಳಿದ. ನನ್ನ ಗಂಡ ಕಾಲು ಮುಂದ ಚಾಚಿದ್ರು.

"ನಾ ಆರಾಮ ಅದೀನಿ. ನೀ ಕೊಟ್ಟ ಬೂಟು ಸಡಿಲ ಆಗ್ಯಾವ, ಅದಕ್ಕ ನಡಿಯಾಕ ಆಗವಲ್ದು."