ಹಂಡೆ ದೊರೆಯ ತಮ್ಮ

ಅವರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತಕ್ಕಿಂತ ದಪ್ಪ, ಹಳದಿ, ತುದಿಯಲ್ಲಿ ಚಪ್ಪಟೆ. ಮಡಿಸಿದ ಹಾಳೆಯ ಮೇಲೆ ಅದನ್ನು ಒಂದು ಸಲ ಎಳೆದರೆ ಇಸ್ತ್ರಿ ಹಾಕಿದಂಥ ಗೆರೆ ಬೀಳುತ್ತಿತ್ತು. ನಲವತ್ತು ವರ್ಷ ಪುಸ್ತಕ ಬೈಂಡ್ ಮಾಡಿ ಹಾಗಾದ ಉಗುರು ಎಂದು ಅವರೇ ಹೇಳಿದ್ದರೋ, ನಾನು ಊಹಿಸಿಕೊಂಡೆನೋ, ಈಗ ಖಚಿತವಿಲ್ಲ. ಉಗುರು ಮಾತ್ರ ಖಚಿತ.

ತುಮಕೂರಿನ ಬಿ.ಎಚ್. ರಸ್ತೆಯ ಹಿಂದಿನ ಓಣಿಯೊಂದರಲ್ಲಿ ಅವರ ಅಂಗಡಿ. ಮನೆ ಗುಬ್ಬಿಯಲ್ಲಿ, ಬೆಳಗಿನ ರೈಲಿಗೆ ಬಂದು ಸಂಜೆಯದಕ್ಕೆ ಹೋಗುತ್ತಿದ್ದರು. ಓಣಿಯವರಿಗೆಲ್ಲ ಅವರು ಬೈಂಡರ್ ಸಾಹೇಬರು. ನಾನು ಹೆಬ್ಬೂರಿನಿಂದ ಬಸ್ಸಿನಲ್ಲಿ ಬಂದು ನನ್ನ ಪಿಎಚ್‌ಡಿ ಪ್ರಬಂಧದ ಐದು ಪ್ರತಿಗಳನ್ನು ಅವರ ಕೈಗಿಟ್ಟಾಗ ಪರಿಚಯವಾಯಿತು. ಕಡುನೀಲಿ ರಟ್ಟು, ಬಂಗಾರದ ಅಕ್ಷರ, ನಾಲ್ಕು ವರ್ಷದ ಬರವಣಿಗೆ. ಅದನ್ನು ಪೂರ್ತಿ ಓದಿದವರು ನನಗೆ ತಿಳಿದಂತೆ ಇಬ್ಬರು. ಅವರಲ್ಲಿ ಒಬ್ಬಳು ನಾನು.

ಅವತ್ತು ಅಂಗಡಿಯ ಮುಂದೆ ಕಟ್ಟಿದ ದಾರದಲ್ಲಿ, ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ಸಿಕ್ಕಿಸಿದ ಬಣ್ಣದ ಹಾಳೆಯೊಂದು ತೂಗುತ್ತಿತ್ತು. ಅದರೆದುರು ಏಳೆಂಟು ಜನ ಟೀ ಲೋಟ ಹಿಡಿದು ನಗುತ್ತಿದ್ದರು.

ಅದೊಂದು ಚಿತ್ರಕತೆಯ ಹಾಳೆ. ಯಾವುದೋ ಬಂಗಲೆ ಖಾಲಿಯಾದಾಗ ಹಳೆಯ ಕಾಗದದ ಜೊತೆ ವಿದೇಶದ ಮಕ್ಕಳ ವಾರಪತ್ರಿಕೆಗಳ ಒಂದು ಕಟ್ಟು ಇವರ ಅಂಗಡಿ ಸೇರಿತ್ತು. ಪ್ರತಿ ಸಂಚಿಕೆಯ ಹಿಂಬದಿಯ ಪುಟದಲ್ಲಿ ಒಂದೇ ಕತೆ. ಕಪ್ಪುಬಿಳುಪು ಟೀವಿಯ ಕಾಲದಲ್ಲಿ ಆ ದೇಶದಲ್ಲಿ ಒಂದು ಧಾರಾವಾಹಿ ಬರುತ್ತಿತ್ತಂತೆ. ಬೇರೆ ಗ್ರಹದಿಂದ ಬಂದ ಖಳರು ಅದರ ನಾಯಕನಿಗಿಂತ ಹೆಚ್ಚು ಜನಪ್ರಿಯರಾಗಿ, ಅವರದೇ ಸಾಹಸಗಳನ್ನು ಚಿತ್ರಕತೆ ಮಾಡಿದರಂತೆ. ಇದನ್ನೆಲ್ಲ ನಾನು ಆಮೇಲೆ ಫೋನಿನಲ್ಲಿ ಹುಡುಕಿ ತಿಳಿದದ್ದು. ಸಾಹೇಬರಿಗೆ ಗೊತ್ತಿದ್ದದ್ದು ಚಿತ್ರಗಳಷ್ಟೇ: ಕುತ್ತಿಗೆಯಿಲ್ಲದ, ತಾಮ್ರದ ಬಣ್ಣದ, ಎದೆಯಲ್ಲೊಂದು ದೀಪವಿರುವ ದುಂಡು ಮೈಯ ಜೀವಿಗಳು. ನೀರು ಕಾಯಿಸುವ ಹಂಡೆಗೆ ಜೀವ ಬಂದ ಹಾಗೆ. ಅವಕ್ಕೆ ಅವರಿಟ್ಟ ಹೆಸರೂ ಹಂಡೆಗಳು ಅಂತಲೇ. ಎಲ್ಲಕ್ಕಿಂತ ದೊಡ್ಡದು ಹಂಡೆ ದೊರೆ.

ಅವರು ಏಳನೇ ಕ್ಲಾಸಿನವರೆಗೆ ಕನ್ನಡ ಓದಿದ್ದರು, ಇಂಗ್ಲಿಷ್ ಬರುತ್ತಿರಲಿಲ್ಲ. ಪುಸ್ತಕದ ಅಂಚು ಕತ್ತರಿಸಿದಾಗ ಉಳಿಯುವ ಬಿಳಿ ಪಟ್ಟಿಗಳನ್ನು ಚಿತ್ರದಲ್ಲಿ ಪಾತ್ರಗಳ ಮಾತು ಬರೆದಿರುವ ಗುಳ್ಳೆಗಳ ಅಳತೆಗೆ ತುಂಡು ಮಾಡಿ, ಮೈದಾ ಅಂಟಿನಿಂದ ಮೇಲಂಚು ಮಾತ್ರ ಅಂಟಿಸಿ, ಚಿತ್ರ ನೋಡಿ ತಮಗೆ ತೋಚಿದ ಮಾತನ್ನು ಬರೆಯುತ್ತಿದ್ದರು. ಶುಕ್ರವಾರ ಅಂಗಡಿಗೆ ರಜ. ಹಾಗಾಗಿ ಗುರುವಾರ ಮಧ್ಯಾಹ್ನ ಒಂದು ಹಾಳೆ ದಾರಕ್ಕೆ ಏರುತ್ತಿತ್ತು.

"ಪೂರ್ತಿ ಯಾಕೆ ಅಂಟಿಸಲ್ಲ?" ಎಂದು ಕೇಳಿದ್ದೆ.

"ಕೆಳಗಿರೋದು ಇನ್ನೊಬ್ರ ಮಾತು ಮೇಡಂ. ಮುಚ್ಚೋಕೆ ನಾನ್ಯಾರು? ಮೇಲೆ ಒಂಚೂರು ಕೂತ್ಕೊಂಡಿದೀನಿ ಅಷ್ಟೇ."

ಆ ಮೊದಲ ದಿನದ ಹಾಳೆಯಲ್ಲಿ ಹಂಡೆ ದೊರೆ ಬಂಡೆಯ ಮೇಲೆ ಒಂಟಿಯಾಗಿ ನಿಂತು ಉರಿಯುವ ನಗರವೊಂದನ್ನು ನೋಡುತ್ತಿದ್ದ. ಚೀಟಿಯಲ್ಲಿ ಹೀಗಿತ್ತು: "ಬೆಳಗ್ಗೆಯಿಂದ ಎಲ್ರೂ ಅಪ್ಪಣೆ ಕೇಳ್ತಾವ್ರೆ. ಊಟ ಆಯ್ತಾ ಅಂತ ಒಬ್ನೂ ಕೇಳಿಲ್ಲ."

ನಾನೂ ನಕ್ಕೆ. ಬಸ್ಸಿನಲ್ಲಿ ಹೆಬ್ಬೂರು ಬರುವ ಹೊತ್ತಿಗೆ ನಗು ಹೋಗಿತ್ತು. ಅಧಿಕಾರ ಮತ್ತು ಏಕಾಂತದ ಬಗ್ಗೆ ನನ್ನ ಪ್ರಬಂಧದಲ್ಲಿ ಮೂವತ್ತೆಂಟು ಪುಟಗಳ ಅಧ್ಯಾಯವಿತ್ತು. ಅದನ್ನು ಅವರು ಒಂದು ಚೀಟಿಯಲ್ಲಿ ಮುಗಿಸಿದ್ದರು.

ಆಮೇಲೆ ಪ್ರತಿ ಗುರುವಾರ ಹೋದೆ. ಕುಣಿಗಲ್ಲಿನ ಕಾಲೇಜೊಂದರಲ್ಲಿ ನಾನು ಅತಿಥಿ ಉಪನ್ಯಾಸಕಿ. ಗುರುವಾರ ಊಟದ ನಂತರ ಪಾಠವಿರಲಿಲ್ಲ. ಡೈರಿಯಲ್ಲಿ "ಸಾಹೇಬರನ್ನು ಮಾತಾಡಿಸಲು" ಎಂದು ಬರೆದುಕೊಂಡಿದ್ದೇನೆ. ನಿಜದಲ್ಲಿ, ಇವತ್ತಾದರೂ ಚೆನ್ನಾಗಿಲ್ಲದಿರಲಿ ಎಂದು ನೋಡಲು ಹೋಗುತ್ತಿದ್ದೆ.

"ಹೀರೋನೇ ಇಲ್ವಲ್ಲ ಸಾಹೇಬ್ರೇ ಈ ಕತೇಲಿ?" ಎಂದೆ ಒಮ್ಮೆ.

"ಹೀರೋ ಬಂದ್ರೆ ಇವ್ರು ಬರೀ ಸಾಯ್ತಾರೆ ಮೇಡಂ. ಅವ್ನು ಬರದೇ ಇರೋ ದಿನ ಇವ್ರು ಏನ್ಮಾಡ್ತಾರೆ? ಅವ್ರ ಮನೇಲೂ ಸಾಯಂಕಾಲ ಆಯ್ತದಲ್ಲ."

ಎದುರಿನ ಟೀ ಅಂಗಡಿಯವನು ಕೆಣಕಿದ. "ಮೇಡಂ, ನೀವು ಡಾಕ್ಟ್ರೇಟು. ನೀವೂ ಒಂದ್ ಚೀಟಿ ಬರೀರಿ ನೋಡಾನ."

ಮನೆಯಲ್ಲಿ ಪ್ರಯತ್ನಿಸಿದೆ. ನನ್ನ ಹಂಡೆ ದೊರೆ, "ಈ ವಿಜಯವು ನನ್ನನ್ನು ರಿಕ್ತಗೊಳಿಸಿದೆ" ಎಂದ. ಹರಿದು ಹಾಕಿದೆ.

ಆ ಮಳೆಗಾಲದಲ್ಲಿ ಕತೆಗೆ ತಮ್ಮ ಬಂದ. ದೊರೆ ಎಲ್ಲಿ ಹೋದರೂ ಜೊತೆಗೊಂದು ಪುಟ್ಟ ದುಂಡನೆಯದು ಕಾಣತೊಡಗಿತು, ನೆತ್ತಿಯ ಮೇಲೆ ಕೆಂಪು ದೀಪ. ಸಾಹೇಬರು ಅದನ್ನು ದೊರೆಯ ತಮ್ಮ ಎಂದರು. ಹಿಂದೆ ಯಾವಾಗಲೋ ಜಗಳವಾಡಿ ಮನೆ ಬಿಟ್ಟು ಹೋದವನು, ಈಗ ವಾಪಸ್ಸು ಬಂದಿದ್ದಾನೆ, ಆದರೆ ಮಾತಾಡುವುದಿಲ್ಲ. ದೊರೆ ಲೋಕಗಳನ್ನು ಗೆಲ್ಲುತ್ತಲೇ ಅವನನ್ನು ಮಾತಿಗೆಳೆಯುತ್ತಾನೆ: "ಒಂದ್ ಗ್ರಹ ನಿನ್ ಹೆಸ್ರಿಗೇ ಮಾಡ್ತೀನಿ, ಬಾಯ್ ಬುಡ್ಲಾ." ಎರಡು ತಿಂಗಳು ಓಣಿ ಪೂರ್ತಿ ತಮ್ಮನ ಮೊದಲ ಮಾತಿಗೆ ಕಾದಿತು. "ಆ ತಮ್ಮಂಗೆ ಮಾತ್ರ ಏನೂ ಮಾಡ್ಬ್ಯಾಡಿ ಸಾಹೇಬ್ರೇ" ಎಂದು ಟೀ ಅಂಗಡಿಯವನು ವಾರವಾರವೂ ಕೇಳಿಕೊಳ್ಳುತ್ತಿದ್ದ.

ಒಂದು ಗುರುವಾರ ನಾನು ಬೆರಳಿನಿಂದ ಚೀಟಿಯನ್ನು ಮೇಲೆತ್ತಿ, ಕೆಳಗಿನ ಇಂಗ್ಲಿಷ್ ಓದಿ, ಎಲ್ಲರಿಗೂ ಕೇಳುವಂತೆ ಹೇಳಿದೆ: "ಸಾಹೇಬ್ರೇ, ಇದು ತಮ್ಮ ಅಲ್ಲ. ಬಾಂಬು. ಶತ್ರುಗಳ ನಗರ ಉಡಾಯಿಸೋಕೆ ದೊರೆ ಹೊತ್ಕೊಂಡು ಹೋಗ್ತಾ ಇದಾನೆ."

ಸಾಹೇಬರು ಹಾಳೆಯ ಹತ್ತಿರ ಬಂದು ಆ ಪುಟ್ಟ ದುಂಡನೆಯದನ್ನು ಬಗ್ಗಿ ನೋಡಿದರು.

"ಬಾಂಬಾ?" ಎಂದರು. "ನಾನು ತಮ್ಮ ಅಂದ್ಕೊಂಡಿದ್ದೆ."

ನನ್ನ ನೆನಪಿನಲ್ಲಿ ಅವರು ಆಗ ಮುಗುಳ್ನಕ್ಕರು. ಈ ನೆನಪನ್ನು ನಂಬುವುದಿಲ್ಲ. ಅದು ನನಗೆ ತೀರಾ ಅನುಕೂಲವಾದ ನೆನಪು. ಡೈರಿಯಲ್ಲಿ ಅವತ್ತು ಒಂದೇ ಸಾಲಿದೆ: "ಸಾಹೇಬರಿಗೆ ಅರ್ಥ ತಿಳಿಸಿ ಸಹಾಯ ಮಾಡಿದೆ."

ಮುಂದಿನ ಗುರುವಾರ ದಾರ ಖಾಲಿ. ಅದರ ಮುಂದಿನದೂ. ಕೇಳಿದರೆ, "ಕೆಲ್ಸ ಜಾಸ್ತಿ ಮೇಡಂ" ಎಂದು ತಲೆಯೆತ್ತದೆ ಹಾಳೆ ಮಡಿಸಿದರು. ನಾಲ್ಕನೆಯ ವಾರ ಅಂಗಡಿಯ ಬಾಗಿಲೇ ತೆರೆದಿರಲಿಲ್ಲ. ಉಬ್ಬಸ ಹೆಚ್ಚಾಗಿ ಗುಬ್ಬಿಯಲ್ಲಿ ಮಲಗಿದ್ದಾರೆ ಎಂದು ಟೀ ಅಂಗಡಿಯವನು ಹೇಳಿದ. ಬೀಗದ ಕೈ ಅವನ ಬಳಿ ಇತ್ತು. ಒಳಗೆ ಹೋಗಿ ಕಟ್ಟಿನ ಮೇಲಿದ್ದ ಮುಂದಿನ ಹಾಳೆಯನ್ನು ತಂದು ನನ್ನ ಕೈಗೆ ತುರುಕಿದ.

"ಅವ್ರಿಗೆ ಕೊಡಿ. ನೀವೇ ಹೋಗ್ಬೇಕು. ಯಾರ್ ಸುಮ್ನಿರ್ಸಿದ್ರೋ ಅವ್ರೇ ಮಾತಾಡ್ಸ್ಲಿ."

ಗುಬ್ಬಿಯ ಮನೆಯಲ್ಲಿ ಅವರು ಎರಡು ದಿಂಬಿಗೆ ಒರಗಿ ಕೂತಿದ್ದರು. ಉಸಿರಿಗೊಮ್ಮೆ ಭುಜ ಏರಿ ಇಳಿಯುತ್ತಿತ್ತು. ಹಾಳೆ ಕೊಟ್ಟೆ. ಪುಟದ ತುಂಬ ಒಂದೇ ಚಿತ್ರ: ಹಳದಿ, ಕೆಂಪು, ಸ್ಫೋಟ. ಮೂಲೆಯಲ್ಲಿ ದೊರೆಯ ಬೆನ್ನು. ಅವರು ಬಹಳ ಹೊತ್ತು ನೋಡಿ ನನ್ನ ಕಡೆ ಚಾಚಿದರು.

"ಏನ್ ಬರ್ದವ್ರೆ, ಓದಿ ಮೇಡಂ."

ಶತ್ರುನಗರ ನಾಶವಾಯಿತೆಂದು ಬರೆದಿತ್ತು. ನಾನು ಓದಿದ್ದು ಹೀಗೆ: "ಅಣ್ಣ, ಒಂಚೂರು ದೂರ ಹೋಗು. ನಂಗ್ಯಾಕೋ ಮೈಯೆಲ್ಲ ಕಾಯ್ತಾ ಐತೆ."

ಅವರು ಕಣ್ಣು ಮುಚ್ಚಿಕೊಂಡರು. "ಇದು ಅದ್ರಲ್ಲಿಲ್ಲ."

"ಇಲ್ಲ."

"ನಿಮ್ದು."

"ಹೂಂ."

"ಮಾತಾಡ್ದ ನೋಡಿ ಕೊನೆಗೂ." ಉಸಿರು ಎಳೆದುಕೊಂಡರು. "ಅದಕ್ಕೆ ಅಣ್ಣ ಏನಂದ?"

ನನಗೆ ಏನೂ ಹೊಳೆಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಅವರನ್ನೂ ನನ್ನನ್ನೂ ನೋಡಿದರು. ಸಾಹೇಬರು ಕಾದರು, ನನಗೆ ಬೇಕಾದಷ್ಟು ಸಮಯ ಕೊಟ್ಟರು, ಆಮೇಲೆ ಅವರೇ ಹೇಳಿದರು.

"'ಬುಡ್ಲಾ, ಇಷ್ಟು ದಿನ ಚಳೀಲಿ ಇದ್ದೆ' ಅಂತಾನೆ. ಬರ್ಕೊಳಿ."

ಬರೆದುಕೊಂಡೆ. ಆ ಕೋಣೆಯಲ್ಲಿ, ಅವರ ಉಸಿರು ಅಷ್ಟು ಕಷ್ಟಪಡುತ್ತಿರುವಾಗ, ನನಗೆ ಹೊಟ್ಟೆಕಿಚ್ಚೇ ಆಯಿತು. ಬೇರೆ ಏನಾದರೂ ಆಯಿತು ಎಂದು ಬರೆಯಬಹುದಿತ್ತು, ಬರೆದರೆ ಸುಳ್ಳು.

ಅದಾದ ಹನ್ನೊಂದನೆಯ ದಿನ ಅವರು ಹೋದರು.

ಮುಂದಿನ ಗುರುವಾರ ಟೀ ಅಂಗಡಿಯವನಿಂದ ಬೀಗದ ಕೈ ಇಸಿದುಕೊಂಡು, ಎರಡು ಚೀಟಿಗಳನ್ನು ನನ್ನ ಅಕ್ಷರದಲ್ಲಿ ಬರೆದು, ಮೇಲಂಚು ಮಾತ್ರ ಅಂಟಿಸಿ, ಆ ಸ್ಫೋಟದ ಹಾಳೆಯನ್ನು ದಾರಕ್ಕೆ ಹಾಕಿದೆ. ಓಣಿಯವರು ಬಂದು ಓದಿದರು. ತಮ್ಮನ ಮಾತಿಗೆ ಒಂದಿಬ್ಬರು ನಕ್ಕರು. ಅಣ್ಣನ ಮಾತಿಗೆ ಬಂದಾಗ ಟೀ ಲೋಟಗಳನ್ನು ಕೆಳಗಿಟ್ಟರು. ಟೀ ಅಂಗಡಿಯವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, "ಪರ್ವಾಗಿಲ್ಲ ಮೇಡಂ, ಸಾಹೇಬ್ರ ಕೈ ನಿಮ್ಗೂ ಬಂದ್ಬುಡ್ತು" ಎಂದ.

ನಾನು ಹೌದೆಂಬಂತೆ ತಲೆಯಾಡಿಸಿದೆ. ಅವತ್ತಿನಿಂದ ಓಣಿಯಲ್ಲಿ ಅದು ನಾನು ಬರೆದ ಮಾತು. ಕಾಲೇಜಿನಲ್ಲೂ ಒಂದಿಬ್ಬರು ಅದನ್ನು ನನ್ನದೆಂದೇ ಹೊಗಳಿದ್ದಾರೆ, ನಾನು ಅಲ್ಲವೆನ್ನಲಿಲ್ಲ. ಅಣ್ಣನ ಮಾತು ನನ್ನದಲ್ಲ, ಅವರದು.