ಭವ್ಯಳ ಮನೆಯಲ್ಲಿ ಬೇರೆಯವರು ಹಾಲುಕ್ಕಿಸಿದ್ದು

ಗರುಡಾಚಾರ್‌ಪಾಳ್ಯದ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವ ಭವ್ಯ ಯಾರ ತಂಟೆಗೂ ಹೋಗುವವಳಲ್ಲ. ಅವಳ ದುಡಿಮೆಯೆಲ್ಲ ಕೆ.ಆರ್. ಪುರದ ಮನೆಗೇ ಸುರಿದುಹೋಗಿತ್ತು. ಮನೆಸಾಲಕ್ಕೆ ಗಂಡ ಕೆಂಪರಾಜನ ಜೊತೆ ಅವಳೂ ಸಹಿ ಹಾಕಿದ್ದಳು. ಹೊಡೆತ ತಾಳಲಾರದೆ ಬೇರೆಯಾದಾಗ ಹಿರಿಯರು ಕೂತು ತೀರ್ಮಾನ ಮಾಡಿದರು: ಕೆಳಗಿನ ಮನೆ ಅವಳಿಗೆ, ಮೇಲಿನದು ಅವನಿಗೆ, ಕಂತು ಅರ್ಧರ್ಧ. ಆ ಮಹಾಶಯ ಒಂದು ಕಂತೂ ಕಟ್ಟಲಿಲ್ಲ. ಬ್ಯಾಂಕಿನವರಿಗೇನು, ಸಹಿ ಹಾಕಿದವರಲ್ಲಿ ಯಾರು ಕೈಗೆ ಸಿಕ್ಕರೂ ಆಯಿತು. ಭವ್ಯಳ ಬೆನ್ನು ಹತ್ತಿದರು. ಮನೆ ಹರಾಜಾದರೆ ಬೀದಿಯೇ ಗತಿ ಎಂದು ಹೆದರಿ, ಓವರ್‌ಟೈಮ್ ಮಾಡಿ, ಪೂರ್ತಿ ಕಂತನ್ನು ಅವಳೊಬ್ಬಳೇ ಕಟ್ಟತೊಡಗಿದಳು.

ಇಷ್ಟಕ್ಕೇ ಬಿಟ್ಟನೇ ಆ ಭಂಡ? ಕೆಳಗಿನ ಮನೆಗೆ ಲೀಸಿನ ದುಡ್ಡು ಹೆಚ್ಚು ಬರುತ್ತದೆಂದು, ಟಿನ್ ಫ್ಯಾಕ್ಟರಿ ಹತ್ತಿರ ಇಡ್ಲಿ ಮಾರುವ ಸೀತಮ್ಮನಿಂದ ಇಡುಗಂಟು ತೆಗೆದುಕೊಂಡು ಭವ್ಯಳಿದ್ದ ಮನೆಯನ್ನೇ ಆಕೆಗೆ ಲೀಸಿಗೆ ಒಪ್ಪಿಸಿಬಿಟ್ಟ. ಶುಕ್ರವಾರ ಬೆಳಗ್ಗೆ ಭವ್ಯ ಕೆಲಸಕ್ಕೆ ಹೋದ ಮೇಲೆ ಬೀಗ ಒಡೆದು, ಹಾಲು ಉಕ್ಕಿಸಲು ಸೀತಮ್ಮನನ್ನು ಕರೆತಂದ.

ಪಕ್ಕದ ಮನೆಯವರು ಫೋನ್ ಮಾಡಿದರು. ಭವ್ಯ ಓಡಿ ಬಂದಾಗ ಅವಳ ಹಾಸಿಗೆ, ಪಾತ್ರೆ, ಬಟ್ಟೆಯೆಲ್ಲ ಮೋರಿ ಪಕ್ಕ ಬಿದ್ದಿದ್ದವು. ಒಳಗೆ ನುಗ್ಗಿ ಇದೇನೆಂದು ಕೇಳಿದ್ದೇ ತಡ, ಕೆಂಪರಾಜ್ ಅವಳ ಜಡೆ ಹಿಡಿದು ಗೋಡೆಗೆ ಅಪ್ಪಳಿಸಿದ. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಕೆಡವಿಕೊಂಡು ಹೊಟ್ಟೆಗೆ ಒದ್ದ. ಅಡುಗೆಮನೆಯವರೆಗೂ ದರದರ ಎಳೆದುಕೊಂಡು ಹೋಗಿ ಬಲಗೈ ತಿರುಚಿದ, ಮೂಳೆ ಲಟಕ್ಕೆಂದಿತು. ಹೊಲಿಯುವ ಕೈ ಅದು, ಕಂತು ಕಟ್ಟುವ ಕೈ. ಗೊತ್ತಿದ್ದೇ ಮುರಿದ, ಪಾಪಿ.

ಸೀತಮ್ಮ ಒಲೆಯ ಮುಂದೆಯೇ ನಿಂತಿದ್ದಳು. ಬಿಡಪ್ಪ, ಸತ್ತುಹೋಗುತ್ತಾಳೆ ಎಂದು ಅಂಗಲಾಚಿದಳೇ ಹೊರತು ಒಲೆ ಆರಿಸಲಿಲ್ಲ. ಅರಿಶಿನ ಕುಂಕುಮ ಹಚ್ಚಿ ಇಟ್ಟ ಹಾಲು ಉಕ್ಕುವ ಮೊದಲೇ ಒಲೆ ಆರಿಸಿದರೆ ಹೊಸ ಮನೆಯಲ್ಲಿ ಒಳ್ಳೆಯದಾಗುವುದಿಲ್ಲವಂತೆ! ಕಣ್ಣೆದುರು ಒಬ್ಬಳ ಪ್ರಾಣ ಹೋಗುತ್ತಿದ್ದರೂ ಹಾಲು ಉಕ್ಕಲೇಬೇಕು. ಉಕ್ಕಿತು.

ಭವ್ಯ ಎಡಗೈಯಲ್ಲಿ ಒಲೆಕಟ್ಟೆ ಹಿಡಿದು ಎದ್ದಳು. ಅಂಗೈ ಚುರ್ರೆಂದರೂ ಬಿಡದೆ ಪಾತ್ರೆಯನ್ನು ಎತ್ತಿ, ಕುದಿಯುವ ಹಾಲನ್ನು ಅವನ ಮುಖಕ್ಕೆ ಎರಚಿದಳು. ಅವನ ಅರಚಾಟ ಬೀದಿಯ ಕೊನೆಯವರೆಗೂ ಕೇಳಿಸಿತು. ಕಣ್ಣು ಮುಚ್ಚಿಕೊಂಡು ನೆಲದ ಮೇಲೆ ಹೊರಳಾಡುತ್ತಿದ್ದವನಿಗೆ ಅದೇ ಪಾತ್ರೆಯಿಂದ ಕೈ ಸೋಲುವವರೆಗೂ ಬಾರಿಸಿದಳು. ತಪ್ಪೆನ್ನುವವರು ಎನ್ನಲಿ; ಅವಳಿಗೆ ಒಂದಿಷ್ಟೂ ಮರುಕ ಹುಟ್ಟಲಿಲ್ಲ.

ಅಕ್ಕಪಕ್ಕದವರು ಅವನನ್ನು ಆಟೋಗೆ ಹಾಕಿ ಆಸ್ಪತ್ರೆಗೆ ಒಯ್ದರು. ಪೊಲೀಸರಿಗೂ ಯಾರೋ ತಿಳಿಸಿದರು. ಸೀತಮ್ಮ ಹೊಸ್ತಿಲ ಮೇಲೆ ಕುಸಿದು ಅಳತೊಡಗಿದಳು.

"ಇದ್ದಬದ್ದಿದ್ದೆಲ್ಲ ಅವನ ಕೈಗೆ ಸುರಿದ್ಬಿಟ್ಟೆ ಕಣಮ್ಮ. ಈಗ ನಾನೆಲ್ಲಿಗೆ ಹೋಗ್ಲಿ?"

ಭವ್ಯ ಬಾಯೊಳಗಿನ ರಕ್ತ ಉಗಿದು, ಮುರಿದ ಕೈಯನ್ನು ಎದೆಗವಚಿಕೊಂಡಳು.

"ಪೊಲೀಸ್ರು ಬರೋದ್ರೊಳ್ಗೆ ಅವನ ಸಾಮಾನು ಬೀದಿಗೆ ಹಾಕಿ, ನಿಮ್ದು ಮೇಲಿನ ಮನೆಗೆ ಹತ್ಸಿ ಅಕ್ಕ. ಅದ್ರ ಕಂತೂ ನಾನೇ ಕಟ್ತಿರೋದು."