ಹೆಸರಿಡದ ಮಕ್ಕಳಿಗಾಗಿ ವಾದಿಸಿದ ಹಮೀದಾಕ

ಇಲ್ಲ... ಇನ್ನೂ ನಂಬಲು ಆಗುತ್ತಿಲ್ಲ.
ಸೋಮವಾರ ಫೋನಿನಲ್ಲಿ ನನ್ನನ್ನು ಬೈದವರು ಗುರುವಾರ ಬೆಳಿಗ್ಗೆ ಇಲ್ಲ ಎಂದರೆ ಹೇಗೆ...

ಮಗುವಿಗೆ ಹಾಲು ಕೊಡುತ್ತಿದ್ದೆ. ಹರಿಣಾಕ್ಷಿ ಫೋನ್ ಮಾಡಿದಳು.
"ಮಮತಾ, ಹಮೀದಾಕ ಹೋದ್ರು ಮಾರಾಯ್ತಿ... ಹಾರ್ಟ್ ಅಂತೆ."


ಗೊತ್ತಿಲ್ಲದವರಿಗೆ ಹೇಳುತ್ತೇನೆ... ಹೆಸರು ಹಮೀದ್, ಅಣ್ಣ ಎನ್ನುವ ಹಾಗೆ ನಮಗೆಲ್ಲ ಹಮೀದಾಕ.
ಪಾಣೆಮಂಗಳೂರಿನಲ್ಲಿ ಒಂದು ಸಣ್ಣ ಕಂಪ್ಯೂಟರ್ ಸೆಂಟರ್ ಇಟ್ಟಿದ್ದವರು ಅವರು. ಮದುವೆಗೆ ಮೊದಲು ನಾನೂ ಹರಿಣಾಕ್ಷಿಯೂ ಅಲ್ಲಿ ಪಾಠ ಹೇಳುತ್ತಿದ್ದೆವು.
ಮೊದಲು ಅವರನ್ನು ನೋಡಿದ್ದು ಮೂಡುಬಿದಿರೆಯಲ್ಲಿ, ನಮ್ಮ ಕಾಲೇಜಿನಲ್ಲಿ. ಯಾರಾದರೂ ಉಚಿತವಾಗಿ ಬಳಸಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಸಾಫ್ಟ್‌ವೇರ್ ಬಗ್ಗೆ ಮಾತಾಡಲು ಬಂದಿದ್ದರು.
"ನಿಮಗೆ ತಿದ್ಲಿಕ್ಕೆ ಬರುವುದಿಲ್ಲವಾ? ತೊಂದರೆ ಇಲ್ಲ. ತಪ್ಪು ಎಲ್ಲುಂಟು ಅಂತ ಸರಿಯಾಗಿ ಹೇಳಿ. ಅದೂ ಅರ್ಧ ಕೆಲಸ."

ಸೆಂಟರಿನ ಗೋಡೆಯಲ್ಲಿ ಮೂರು ಸಾಲು ಅಂಟಿಸಿದ್ದರು.
ಏನು ಮಾಡಿದೆ?
ಏನಾಗಬೇಕಿತ್ತು?
ಏನಾಯಿತು?
ಯಾರಾದರೂ "ಕಂಪ್ಯೂಟರ್ ಹಾಳಾಯ್ತು" ಎಂದರೆ ಸಾಕು...
"ಡಾಕ್ಟ್ರ ಹತ್ರ ಹೋಗಿ 'ನಾನು ಹಾಳಾಗಿದ್ದೇನೆ' ಅಂತೀಯಾ? ಎಲ್ಲಿ ನೋವು ಅಂತ ಹೇಳ್ಬೇಕಲ್ಲ ಮಾರಾಯ್ತಿ."

ಬೆಳ್ತಂಗಡಿಯಲ್ಲಿ ನಾವು ಹೋಗುವ ಮಕ್ಕಳ ಕ್ಲಿನಿಕ್‌ಗೆ ಅಂಥದ್ದೇ ಒಂದು ಉಚಿತ ಪ್ರೋಗ್ರಾಂ ಹಾಕಿಕೊಟ್ಟವರು ಅವರು. ಯಾವ ಮಗುವಿಗೆ ಯಾವ ಇಂಜೆಕ್ಷನ್ ಆಗಿದೆ, ಯಾವುದು ಬಾಕಿ ಎಂದು ಅದು ತೋರಿಸುತ್ತದೆ.

ಮಗಳ ಎರಡನೆಯ ಇಂಜೆಕ್ಷನ್‌ಗೆ ಹೋದ ದಿನ ಸಿಸ್ಟರ್ ಹೇಳಿದರು,
"ನಿಮ್ಮದು ಆಗಿದೆಯಲ್ಲ, ಕಳೆದ ವಾರವೇ."
"ಇಲ್ಲ ಸಿಸ್ಟರ್, ನಾವು ಬಂದೇ ಇಲ್ಲ."
"ಕಂಪ್ಯೂಟರಿನಲ್ಲಿ ಉಂಟಲ್ಲ."
ಕೈಯಲ್ಲಿ ಕಾರ್ಡ್ ಇತ್ತು. ಡಾಕ್ಟರ್ ಅದನ್ನು ನೋಡಿ ಇಂಜೆಕ್ಷನ್ ಕೊಟ್ಟರು. ಏನೂ ಆಗಲಿಲ್ಲ...
ಆದರೆ ಕಾರ್ಡ್ ಮನೆಯಲ್ಲೇ ಮರೆತಿದ್ದರೆ?
ಆ ದಿನ ಹೋದ ನಿದ್ದೆ ನನಗೆ ಇನ್ನೂ ಸರಿಯಾಗಿ ಬಂದಿಲ್ಲ. ಮಗು ಮಲಗಿದ್ದರೂ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತೇನೆ.

ಅಳುತ್ತಲೇ ನಿಮಗೆ ಫೋನ್ ಮಾಡಿದ್ದೆ ಹಮೀದಾಕ... ನೆನಪುಂಟಾ?
"ಮೊದಲು ನೀರು ಕುಡಿ. ಆಮೇಲೆ ಮೂರು ಸಾಲು ಹೇಳು" ಎಂದಿರಿ.
ಮರುದಿನವೇ ಬಸ್ಸು ಹತ್ತಿ ಬೆಳ್ತಂಗಡಿಗೆ ಬಂದಿರಿ. ಮಧ್ಯಾಹ್ನದ ಊಟವನ್ನೂ ಬಿಟ್ಟು ಹುಡುಕಿದಿರಿ.
ತಪ್ಪು ಸಿಕ್ಕಿತು.
ಹೆಸರಿಡುವ ಮೊದಲೇ ಬಂದ ಮಕ್ಕಳನ್ನು ನಮ್ಮಲ್ಲಿ ಬರೀ 'ಮಗು' ಎಂದು ಬರೆಯುತ್ತಾರೆ, ಜೊತೆಗೆ ತಾಯಿಯ ಹೆಸರು. ಅಳದಂಗಡಿಯಿಂದಲೂ ಒಬ್ಬಳು ಮಮತಾ ಅದೇ ಕ್ಲಿನಿಕ್‌ಗೆ ಬರುತ್ತಿದ್ದಳು. ಅವಳ ಮಗು ಹುಟ್ಟಿದ್ದೂ ನನ್ನ ಮಗಳು ಹುಟ್ಟಿದ ದಿನವೇ.
ಪ್ರೋಗ್ರಾಂ ಎರಡು ಮಕ್ಕಳನ್ನು ಒಂದೇ ಮಾಡಿಬಿಟ್ಟಿತ್ತು.

ಪ್ರೋಗ್ರಾಂ ಮಾಡಿದವರಿಗೆ ನನ್ನ ಹೆಸರಿನಲ್ಲೇ ಬಗ್ ರಿಪೋರ್ಟ್, ಅಂದರೆ ತಪ್ಪಿನ ವರದಿ, ಕಳಿಸಿದಿರಿ.
ಎಲ್ಲಿಯೋ ದೂರದ ದೇಶದಿಂದ ಉತ್ತರ ಬಂತು. ಇದು ಬಗ್ ಅಲ್ಲ, ಮಗುವಿನ ಹೆಸರನ್ನು ಸರಿಯಾಗಿ ತುಂಬಿಸಿ, ಎಂದು.
ನೀವು ಸಿಟ್ಟಾಗಲಿಲ್ಲ. ಬರೆದಿರಿ...
"ನಮ್ಮ ಊರಿನಲ್ಲಿ ಮಗು ಮೊದಲು ಬರುತ್ತದೆ. ಹೆಸರು ಆಮೇಲೆ ಬರುತ್ತದೆ. ಅಲ್ಲಿಯವರೆಗೆ ಅದು ಮಗುವಲ್ಲವೇ?"
ಆಮೇಲೆ ಅವರು ಒಪ್ಪಿದರು. ತಿದ್ದಿದ ವರ್ಷನ್ ಕಳಿಸಿದರು. ನೀವೇ ಬಂದು ಹಾಕಿದಿರಿ.

ಉಳಿದದ್ದು ನನ್ನ ಒಂದು ಸಾಲು. ಪರೀಕ್ಷಿಸಿ, ಸರಿಯಾಗಿದೆ ಎಂದು ಬರೆದರೆ ರಿಪೋರ್ಟ್ ಮುಚ್ಚುತ್ತದೆ.
ನಾಳೆ ಎಂದೆ. ಮಗುವಿಗೆ ಶೀತ ಎಂದೆ. ನಿದ್ದೆಯಿಲ್ಲ ಎಂದೆ...
ನಿಜ ಹೇಳಲೇ? ಹೆದರಿಕೆ. ಮತ್ತೆ ತಪ್ಪೇ ಕಂಡರೆ ತಡೆದುಕೊಳ್ಳುವುದು ಹೇಗೆಂಬ ಹೆದರಿಕೆ.

ಸೋಮವಾರ ನಿಮ್ಮ ಫೋನ್.
"ಎಂಥ ಮಾರಾಯ್ತಿ, ಮಗಳು ಶಾಲೆಗೆ ಸೇರಿದ ಮೇಲೆ ಬರೀತೀಯಾ?"
"ನೀವೇ ಮುಚ್ಚಿಬಿಡಿ ಹಮೀದಾಕ, ಪಾಸ್‌ವರ್ಡ್ ಕೊಡ್ತೇನೆ."
"ಅದಾಗುವುದಿಲ್ಲ. ನೋವು ಇದ್ದವರೇ ನೋವು ಹೋಯ್ತು ಅಂತ ಹೇಳ್ಬೇಕು. ನಾನು ಹೇಳಿದ್ರೆ ಅದು ಸುಳ್ಳಾಗ್ತದೆ."
ಆಯ್ತು, ಈ ವಾರ ಖಂಡಿತ, ಎಂದಿದ್ದೆ...

ಇವತ್ತು ಮಧ್ಯಾಹ್ನ ನಿಮ್ಮನ್ನು ಮಸೀದಿಗೆ ಕೊಂಡುಹೋಗುವ ಹೊತ್ತಿಗೆ ನನಗೆ ಬರಲಾಗಲಿಲ್ಲ.
ಮಗಳನ್ನು ಎತ್ತಿಕೊಂಡು ಕ್ಲಿನಿಕ್‌ಗೆ ಹೋದೆ.
ಪರೀಕ್ಷೆಗೆಂದೇ ನೀವು ಬೇರೆ ಮಾಡಿಟ್ಟ ರಿಜಿಸ್ಟರನ್ನು ಸಿಸ್ಟರ್ ತೆರೆದರು. ಒಂದೇ ದಿನ ಹುಟ್ಟಿದ, ಹೆಸರಿಲ್ಲದ ಎರಡು ಮಕ್ಕಳು. ಇಬ್ಬರ ತಾಯಿಯೂ ಮಮತಾ.
ಒಂದು ಮಗುವಿಗೆ ಇಂಜೆಕ್ಷನ್ ಆಯಿತೆಂದು ಬರೆದೆವು. ಇನ್ನೊಂದರದ್ದು ಬಾಕಿ ಎಂದೇ ತೋರಿಸಿತು.
"ಇನ್ನೊಮ್ಮೆ" ಎಂದೆ. ಮೂರು ಸಲ ನೋಡದೆ ಸರಿಯಾಯಿತು ಎನ್ನಬಾರದೆಂದು ಕಲಿಸಿದವರು ನೀವು.
"ಇನ್ನೆಷ್ಟು ಮಕ್ಕಳನ್ನು ಹುಟ್ಟಿಸುವುದು ಮಮತಾ?" ಎಂದರು ಸಿಸ್ಟರ್. ನಗುತ್ತಲೇ ಇಬ್ಬರೂ ಕಣ್ಣೊರೆಸಿಕೊಂಡೆವು.
ಮೂರು ಸಲವೂ ಎರಡು ಮಕ್ಕಳು ಎರಡಾಗಿಯೇ ಉಳಿದವು.

ಮನೆಗೆ ಬಂದು ಬರೆದೆ ಹಮೀದಾಕ.
ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು... ಮೂರೂ ಸಾಲು.
ಕೊನೆಗೆ, ಸರಿಯಾಗಿದೆ, ಮುಚ್ಚಬಹುದು, ಎಂದು.
ನಿಮ್ಮ ಸೋಮವಾರದ ಫೋನಿಗೆ ಮೂರು ದಿನ ತಡವಾಯಿತು.
ಎಷ್ಟೋ ಮಕ್ಕಳ ತಾಯಂದಿರಿಗೆ ನಿಮ್ಮ ಹೆಸರೂ ಗೊತ್ತಾಗಲಿಕ್ಕಿಲ್ಲ...

ಮಗಳು ನನ್ನ ತೊಡೆಯ ಮೇಲೆ ಮಲಗಿದ್ದಾಳೆ. ಇವತ್ತು ಮೂಗಿನ ಹತ್ತಿರ ಬೆರಳು ಹಿಡಿದಿಲ್ಲ.

ಇನ್ನು ನೀವು ಯಾರ ಉತ್ತರಕ್ಕೂ ಕಾಯಬೇಕಾಗಿಲ್ಲ.
ಸೃಷ್ಟಿಸಿದವನು ನಿಮ್ಮ ಆತ್ಮವನ್ನು ನೆಮ್ಮದಿಯಲ್ಲಿ ಇಡಲಿ.
ಹೋಗಿ ಬನ್ನಿ ಹಮೀದಾಕ...